ನೀರು ಬದಲಿಸಿದ ಮೇಲೆ ಮೀನು ಸತ್ತವು, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಅಕ್ವೇರಿಯಂ ತೊಳೆದು, ಹೊಸ ನೀರು ತುಂಬಿಸಿ, ಗಾಜು ಒರೆಸಿ, "ಈಗ ನೋಡಿ ಹೇಗೆ ಹೊಳೀತಿದೆ" ಅಂತ ಮನೆಯವರಿಗೆಲ್ಲ ತೋರಿಸಿರುತ್ತೀರಿ. ಸಂಜೆಗೆ ಎರಡು ಮೀನು ಮಗುಚಿ ತೇಲುತ್ತಿರುತ್ತವೆ. ಸೋಮವಾರ ಬೆಳಿಗ್ಗೆಗೆ ಇನ್ನೂ ಮೂರು. ಮೀನು ಸಾಕಿದವರಲ್ಲಿ ಇದನ್ನು ಒಮ್ಮೆಯೂ ಕಾಣದವರು ಕಡಿಮೆ. ನಾನಂತೂ ಮೂರು ಸಲ ಕಂಡಿದ್ದೇನೆ. ಮೂರೂ ಸಲ ಕಾರಣ ಬೇರೆ ಬೇರೆ. ಗೆಳೆಯರು, ಅಕ್ಕಪಕ್ಕದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಹೊತ್ತಿಗೇ ನಿಮ್ಮ ಮೀನು ಒದ್ದಾಡುತ್ತಿದ್ದರೆ ಮೊದಲ ಪ್ರಶ್ನೆಯನ್ನಷ್ಟೇ ಓದಿ. ಉಳಿದದ್ದು ಆಮೇಲೆ.

ಈಗಷ್ಟೇ ನೀರು ಬದಲಿಸಿದೆ. ಮೀನೆಲ್ಲ ಮೇಲೆ ಬಂದು ಬಾಯಿ ಬಡೀತಿವೆ. ಏನು ಮಾಡಲಿ?

ಏರ್ ಪಂಪ್ ಇದ್ದರೆ ಪೂರ್ತಿ ಜೋರಾಗಿ ಬಿಡಿ. ಇಲ್ಲದಿದ್ದರೆ ಒಂದು ಮಗ್ ತೆಗೆದುಕೊಂಡು ಟ್ಯಾಂಕ್ ನೀರನ್ನೇ ಎತ್ತಿ ಒಂದಡಿ ಮೇಲಿಂದ ಮತ್ತೆ ಮತ್ತೆ ಸುರಿಯಿರಿ. ಹಾಕಿದ್ದು ನಲ್ಲಿ ನೀರಾಗಿದ್ದರೆ ಆಂಟಿ ಕ್ಲೋರಿನ್ (ಕ್ಲೋರಿನ್ ಕಳೆಯುವ ಔಷಧಿ) ಹಾಕಿ. ಟ್ಯಾಂಕಿನ ಪೂರ್ತಿ ನೀರಿನ ಲೆಕ್ಕದಲ್ಲಿ ಹಾಕಿ, ಬಾಟಲಿ ಮೇಲೆ ಬರೆದದ್ದಕ್ಕಿಂತ ಎರಡರಷ್ಟು ಆದರೂ ತೊಂದರೆಯಿಲ್ಲ. ಲೈಟ್ ಆರಿಸಿ. ಊಟ ಹಾಕಬೇಡಿ.

ತೆಗೆದ ಹಳೇ ನೀರು ಇನ್ನೂ ಬಕೆಟ್‌ನಲ್ಲಿದೆಯಾ? ಹಾಗಿದ್ದರೆ ನಿಮ್ಮ ಪುಣ್ಯ. ಏರ್ ಸ್ಟೋನ್ (ಪಂಪ್‌ನ ಗಾಳಿಯನ್ನು ಗುಳ್ಳೆ ಮಾಡುವ ಕಲ್ಲು) ಅದರೊಳಗೆ ಇಳಿಸಿ, ಮೀನುಗಳನ್ನು ಅದಕ್ಕೇ ಹಾಕಿ. ನಿನ್ನೆಯವರೆಗೆ ಅವು ಬದುಕಿದ್ದ ನೀರು ಅದು. ಕಾರಣ ಏನೇ ಇರಲಿ, ಒಂದು ರಾತ್ರಿ ಕಳೆಯುತ್ತವೆ.

ಮಾಡಬಾರದ್ದು ಒಂದೇ. ಗಾಬರಿಯಾಗಿ ಅದೇ ನಲ್ಲಿಯಿಂದ ಮತ್ತೊಮ್ಮೆ ಪೂರ್ತಿ ನೀರು ಬದಲಿಸಬೇಡಿ.

ಕಾರಣ ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಎಲ್ಲರೂ "ಯಾವ ನೀರು ಹಾಕಿದ್ರಿ?" ಎಂದು ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು "ಎಷ್ಟು ಹೊತ್ತಿಗೆ ಸತ್ತವು?" ಅಂತ. ಗಡಿಯಾರ ಅರ್ಧ ಉತ್ತರ ಹೇಳಿಬಿಡುತ್ತದೆ.

ನೀರು ಹಾಕಿದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಒದ್ದಾಟ ಶುರುವಾದರೆ ಕ್ಲೋರಿನ್, ತಣ್ಣೀರು ಅಥವಾ ಬಿಸಿನೀರಿನ ಹೊಡೆತ, ಇಲ್ಲವೇ ಬಕೆಟ್‌ನಲ್ಲಿ ಉಳಿದಿದ್ದ ಸೋಪು, ಫಿನಾಯಿಲ್. ಅದೇ ದಿನ ರಾತ್ರಿಯೋ ಮರುದಿನವೋ ಒಂದೊಂದಾಗಿ ಸತ್ತರೆ ಅಮೋನಿಯಾ, ಇಲ್ಲವೇ ಪಿಎಚ್ (ನೀರು ಎಷ್ಟು ಹುಳಿ ಎಂಬ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಅಥವಾ ಗಡಸುತನ ಏಕಾಏಕಿ ಬದಲಾದದ್ದು. ಎರಡು ದಿನ ಚೆನ್ನಾಗಿದ್ದು ಆಮೇಲೆ ಸಾಯತೊಡಗಿದರೆ ಅಮೋನಿಯಾ ಕಳೆಯುವ ಫಿಲ್ಟರ್‌ನ ಬ್ಯಾಕ್ಟೀರಿಯಾ ಸತ್ತಿರಬೇಕು. ನಾಲ್ಕೈದು ದಿನ ಕಳೆದ ಮೇಲೆ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದರೆ ಅದು ರೋಗ. ನೀರು ಅದಕ್ಕೆ ದಾರಿ ಮಾಡಿಕೊಟ್ಟಿದೆ ಅಷ್ಟೆ.

ಇದು ಗೆರೆ ಕೊರೆದಂಥ ನಿಯಮವೇನಲ್ಲ. ಎರಡು ಕಾರಣ ಒಟ್ಟಿಗೆ ಬರುವುದೂ ಉಂಟು. ಆದರೂ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅನ್ನೋದು ಇದರಿಂದ ತಿಳಿಯುತ್ತದೆ.

ನಾವು ಕುಡಿಯೋ ನೀರೇ ಅಲ್ವಾ? ಮೀನಿಗೆ ಹೇಗೆ ವಿಷ ಆಗುತ್ತೆ?

ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಆ ಚೂರು ಕ್ಲೋರಿನ್ ಏನೂ ಮಾಡುವುದಿಲ್ಲ. ಮೀನು ನೀರನ್ನು ಉಸಿರಾಡುತ್ತದೆ. ಕಿವಿರಿನ ಪದರ ತುಂಬಾ ತೆಳು, ಅದರ ಆಚೆಯೇ ರಕ್ತ. ಕ್ಲೋರಿನ್ ಆ ಪದರವನ್ನೇ ಸುಡುತ್ತದೆ. ಆಮೇಲೆ ನೀರಿನಲ್ಲಿ ಎಷ್ಟು ಆಮ್ಲಜನಕ ಇದ್ದರೂ ಮೀನಿಗೆ ಸಿಗುವುದಿಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಮನೆ ತಲುಪುವಷ್ಟರಲ್ಲಿ ರೋಗಾಣು ಮತ್ತೆ ಸೇರಬಾರದಲ್ಲ, ಅದಕ್ಕೆ. ಮೀನಿಗೆ 0.1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಕಷ್ಟವೇ. ಅಂದರೆ ನಮಗೆ ಒಳ್ಳೆಯದು ಅನ್ನಿಸಿಕೊಂಡ ನೀರೇ ಅದಕ್ಕೆ ವಿಷ. ನೀರು ಸರಬರಾಜು ಮಾಡುವವರ ತಪ್ಪು ಇಲ್ಲಿ ಏನೂ ಇಲ್ಲ.

ಒಂದು ದಿನ ಹಿಡಿದಿಟ್ಟರೆ ಕ್ಲೋರಿನ್ ಹೋಗುತ್ತಲ್ಲ?

ಹೋಗುತ್ತದೆ, ಬಾಯಿ ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟರೆ. ಏರ್ ಸ್ಟೋನ್ ಬಿಟ್ಟರೆ ಇನ್ನೂ ಬೇಗ. ಬಿಸಿಲಿಗಿಟ್ಟರೂ ಬೇಗ. ಆದರೆ ಹೆಚ್ಚಿನವರು ಮಾಡುವುದೇನು? ಮುಚ್ಚಳ ಹಾಕಿದ ಡ್ರಮ್‌ನಲ್ಲಿ ಹಿಡಿದಿಟ್ಟು "24 ಗಂಟೆ ಆಯ್ತು" ಎನ್ನುತ್ತಾರೆ. ಮುಚ್ಚಿಟ್ಟರೆ ಅದು ಎಲ್ಲಿಗೆ ಹೋಗಬೇಕು?

ಇನ್ನೊಂದು ತೊಡಕಿದೆ. ನೀರಿನಲ್ಲಿ ಮೊದಲೇ ಅಮೋನಿಯಾ ಇದ್ದರೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮಿನ್ ಆಗುತ್ತದೆ. ಕೆಲವು ದೇಶಗಳಲ್ಲಿ ಬೇಕೆಂದೇ ಹಾಗೆ ಮಾಡುತ್ತಾರೆ. ಅಮೆರಿಕದಲ್ಲೋ ಬ್ರಿಟನ್‌ನಲ್ಲೋ ಇರುವವರು ನಿಮ್ಮ ಊರಿನ ನೀರಿನ ಕಂಪನಿಯನ್ನು ಇದೊಂದು ಕೇಳಿ ಇಟ್ಟುಕೊಳ್ಳಿ. ಕ್ಲೋರಮಿನ್ ಒಂದೇ ದಿನ ತೆರೆದಿಟ್ಟರೆಲ್ಲ ಹೋಗುವಂಥದ್ದಲ್ಲ.

ಅನುಮಾನ ಇದ್ದರೆ ಕ್ಲೋರಿನ್ ಕಿಟ್ ತನ್ನಿ. ನಾಲ್ಕು ಹನಿ ಬಿಟ್ಟಾಗ ನೀರು ಹಳದಿ ಆದರೆ ಕ್ಲೋರಿನ್ ಇದೆ ಎಂದರ್ಥ.

ಆಂಟಿ ಕ್ಲೋರಿನ್ ಅಂದರೆ ಏನು? ಎಷ್ಟು ಹಾಕಬೇಕು?

ಅಂಗಡಿಯ ಸಣ್ಣ ಬಾಟಲಿಗಳಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಹಳೇ ಕಾಲದ ಫೋಟೋ ಸ್ಟುಡಿಯೋದವರು ಹೈಪೊ ಅನ್ನುತ್ತಿದ್ದರಲ್ಲ, ಅದೇ ಹರಳು. ಒಂದು ಪಾಲು ಕ್ಲೋರಿನ್‌ಗೆ ಸುಮಾರು ಏಳು ಪಾಲು ಹೈಪೊ ಬೇಕು. ನಾನು ಒಂದು ಲೀಟರ್ ನೀರಿಗೆ 10 ಗ್ರಾಂ ಕರಗಿಸಿ ಇಟ್ಟುಕೊಳ್ಳುತ್ತೇನೆ. ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಾದರೆ 15 ಲೀಟರ್ ಬಕೆಟ್‌ಗೆ ಇದರಲ್ಲಿ 10 ಮಿಲಿ ಸಾಕು. ನಾನು 20 ಹಾಕುತ್ತೇನೆ. ಹೊಟ್ಟೆಕಿಚ್ಚಿನ ನೆಂಟರ ಹಾಗೆ ಕ್ಲೋರಿನ್ ಯಾವತ್ತು ಎಷ್ಟು ಬರುತ್ತೆ ಹೇಳಕ್ಕಾಗಲ್ಲ.

ಪೈಪ್ ಇಟ್ಟು ನೇರವಾಗಿ ಟ್ಯಾಂಕಿಗೇ ತುಂಬಿಸುವವರು ಹೊಸ ನೀರಿಗೆ ಮಾತ್ರ ಲೆಕ್ಕ ಹಾಕಬೇಡಿ, ಪೂರ್ತಿ ಟ್ಯಾಂಕಿಗೆ ಹಾಕಿ. ಅದೂ ನೀರು ಬಿಡುವ ಮೊದಲೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 56 ಲೀಟರ್. ಕಲ್ಲು, ಮರಳು ಕಳೆದರೆ 50ರ ಆಸುಪಾಸು.

ಎರಡು ವರ್ಷದಿಂದ ಹೀಗೇ ಮಾಡ್ತಿದ್ದೆ, ಏನೂ ಆಗಿರಲಿಲ್ಲ. ಈ ಸಲ ಮಾತ್ರ ಯಾಕೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ನೀವು ಬದಲಾಗಿಲ್ಲ, ನೀರು ಬದಲಾಗಿದೆ.

ನನ್ನ ಮೊದಲ ಏಂಜಲ್ ಮೀನುಗಳು ಹೋದದ್ದು ಹೀಗೇ. ಎಂದಿನಂತೆ ಶನಿವಾರ ಎರಡು ಬಕೆಟ್ ನೀರು ಬದಲಿಸಿದೆ. ಅರ್ಧ ಗಂಟೆಯಲ್ಲಿ ಆರೂ ಮೀನು ಮೂಲೆಯಲ್ಲಿ ಓರೆಯಾಗಿ ನಿಂತು ಏದುಸಿರು ಬಿಡತೊಡಗಿದವು. ಸಂಜೆ ಕೆಳಗೆ ಇಳಿದಾಗ ವಾಚ್‌ಮನ್ ಹೇಳಿದರು: "ನಿನ್ನೆ ಸಂಪ್ ಕ್ಲೀನ್ ಮಾಡ್ಸಿದ್ರು ಸಾರ್, ಬ್ಲೀಚಿಂಗ್ ಪೌಡರ್ ಚೆನ್ನಾಗಿ ಹಾಕವ್ರೆ." ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಸಂಪ್ ತೊಳೆದ ವಾರ ನೀರು ಬದಲಿಸದೆ ಇರುವುದೇ ಕ್ಷೇಮ.

ಬೆಂಗಳೂರಿನಲ್ಲಿ ಇದರ ದೊಡ್ಡ ರೂಪ ನೋಡಿದ್ದೇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದವು, ಮನೆ ಮನೆಗೆ ಟ್ಯಾಂಕರ್ ಬಂತು. ಒಂದು ದಿನ ಒಂದು ಕಡೆಯ ನೀರು, ಮರುದಿನ ಇನ್ನೊಂದು ಕಡೆಯದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್, ನಗರದ ಅಂಚಿನ 110 ಹಳ್ಳಿಗಳಿಗಾಗಿ. ಜನರಿಗೆ ಹಬ್ಬ. ಆದರೆ ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರಿನಲ್ಲಿ ಬೆಳೆದ ಮೀನಿಗೆ ಒಂದು ದಿನ ಹೇಳದೆ ಕೇಳದೆ ಸಿಹಿಯಾದ, ಕ್ಲೋರಿನ್ ಹಾಕಿದ ನದಿ ನೀರು ಬಂತು. ಬೋರ್‌ವೆಲ್ ನೀರಿಗೆ ಆಂಟಿ ಕ್ಲೋರಿನ್ ಬೇಕಿಲ್ಲ ಎಂಬ ಅಭ್ಯಾಸದಲ್ಲೇ ಇದ್ದವರು ಆವತ್ತೂ ಅದನ್ನು ಹಾಕುವುದಿಲ್ಲ. ನಿಮ್ಮ ಮನೆಯಲ್ಲಿ ಎರಡು ಥರದ ನೀರೂ ಒಂದೇ ಸಂಪಿಗೆ ಬೀಳುತ್ತಿದ್ದರೆ ಪ್ರತಿ ಸಲವೂ ಅದು ಹೊಸ ನೀರೇ.

ಇನ್ನೂ ಒಂದು. ಡೆಂಗಿ ಕಾಲದಲ್ಲಿ ಸೊಳ್ಳೆಮರಿ ಸಾಯಲೆಂದು ನೀರಿನ ತೊಟ್ಟಿಗೆ ಟೆಮಿಫಾಸ್ ಎಂಬ ಔಷಧಿ ಬಿಡುವುದುಂಟು. ಟ್ಯಾಂಕಿನಲ್ಲಿ ಸಾಕಿದ ಸಿಗಡಿಗಳು ಅದನ್ನು ತಡೆಯುವುದಿಲ್ಲ. ಮನೆಯೊಳಗೆ ಹೊಡೆಯುವ ಸೊಳ್ಳೆ ಸ್ಪ್ರೇ ಮೀನಿಗೇ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ ಅನ್ನೋದು ನೆನಪಿರಲಿ.

ನಮ್ಮದು ಬೋರ್‌ವೆಲ್ ನೀರು, ಕ್ಲೋರಿನ್ನೇ ಇಲ್ಲ. ಆದರೂ ಸತ್ತವು!

ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಮೋಟಾರು ಹಾಕಿ ನೇರವಾಗಿ ಟ್ಯಾಂಕಿಗೆ ಬಿಟ್ಟರೆ ಮೀನು ಉಸಿರು ಕಟ್ಟಿಯೇ ಸಾಯಬಹುದು. ಆ ಅನಿಲ ಹೋದ ಮೇಲೆ ಅದೇ ನೀರಿನ ಪಿಎಚ್ ಏರುತ್ತದೆ. ಹಾಗಾಗಿ ಹಿಡಿದ ಕೂಡಲೇ ಪರೀಕ್ಷೆ ಮಾಡಿ "7 ಇದೆ, ಸರಿ" ಎಂದು ನಂಬಬೇಡಿ. ಒಂದು ರಾತ್ರಿ ಗಾಳಿ ಬಿಟ್ಟು ಮತ್ತೆ ನೋಡಿ.

ಒತ್ತಡದಲ್ಲಿ ಬಂದ ನೀರಿನಲ್ಲಿ ಗಾಳಿ ಹೆಚ್ಚಾಗಿ ಕರಗಿರುವುದೂ ಇದೆ. ಗಾಜಿನ ಮೇಲೆ, ಮೀನಿನ ರೆಕ್ಕೆಯಲ್ಲಿ ಸೋಡಾ ಬಾಟಲಿಯಂತೆ ಸಣ್ಣ ಗುಳ್ಳೆ ಕಂಡರೆ ಇದೇ. ಎರಡಕ್ಕೂ ಮದ್ದು ಒಂದೇ: ಬಕೆಟ್‌ನಲ್ಲಿ ಹಿಡಿದು, ಗಾಳಿ ಬಿಟ್ಟು, ಒಂದು ದಿನ ಬಿಟ್ಟು ಹಾಕಿ.

ಕರಾವಳಿಯ ಕಥೆ ಬೇರೆ. ಜಂಬಿಟ್ಟಿಗೆ ನೆಲದ ಬಾವಿ ನೀರು ಮೆದು, ಹುಳಿ ಕಡೆಗೆ ವಾಲಿದ್ದು. ಕೋಲಾರದ ಬೋರ್‌ವೆಲ್ ನೀರಿನಲ್ಲಿ ಬೆಳೆದ ಮೋಲಿ ಮೀನನ್ನು ತಂದು ಅದಕ್ಕೆ ಹಾಕಿದರೆ ಬಾಡಿಹೋಗುತ್ತದೆ.

ಹಾಗಾದರೆ ಆರ್‌ಒ ನೀರು ಹಾಕಲಾ? ಅದು ಶುದ್ಧ ಅಲ್ವಾ?

ಅತಿ ಶುದ್ಧ, ಅದೇ ತೊಂದರೆ. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 800 ಇರುವ ನೀರಿನಿಂದ 50ರ ನೀರಿಗೆ ಮೀನನ್ನು ಒಮ್ಮೆಲೇ ಹಾಕಿದರೆ ಅದರ ಮೈಯೊಳಕ್ಕೆ ನೀರು ನುಗ್ಗುತ್ತದೆ, ಲವಣ ಹೊರಗೆ ಸೋರುತ್ತದೆ. ಬೋರ್‌ವೆಲ್ ನೀರಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ, ವಾರಗಟ್ಟಲೆ ಸಮಯ ತೆಗೆದುಕೊಂಡು ಇಳಿಸಿದರೆ ಒಳ್ಳೆಯದೇ. ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿ. ಹಳೇ ನೀರು, ಹೊಸ ನೀರು ಎರಡರಲ್ಲೂ ಅದ್ದಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಆರು ತಿಂಗಳು ನೀರೇ ಬದಲಿಸಿರಲಿಲ್ಲ, ಚೆನ್ನಾಗೇ ಇದ್ದವು. ಬದಲಿಸಿದ ಮರುದಿನ ಸತ್ತವು. ಬದಲಿಸದೇ ಇರೋದೇ ವಾಸಿ ಅಲ್ವಾ?

ಇದನ್ನು ಕೇಳಿದವರಿಗೆ ಲೆಕ್ಕವಿಲ್ಲ. ಅವರ ಕಣ್ಣಿಗೆ ಕಂಡದ್ದೂ ಸುಳ್ಳಲ್ಲ. ತೀರ್ಮಾನ ಮಾತ್ರ ತಪ್ಪು. ನಿಧಾನವಾಗಿ ನೋಡೋಣ.

ಮೀನಿನ ಹೇಲು, ಉಚ್ಚೆ, ಉಳಿದ ಊಟ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ನೀರಿನಲ್ಲಿರುವ ಸುಣ್ಣದಂಥ ಅಂಶ ಅದನ್ನು ತಡೆಯುತ್ತಾ ಹೋಗಿ ಕೊನೆಗೊಂದು ದಿನ ಖಾಲಿಯಾಗುತ್ತದೆ. ಆಗ ಪಿಎಚ್ ಇಳಿಯತೊಡಗುತ್ತದೆ. 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿದಂತೆಯೇ. ಅಮೋನಿಯಾ ಸೇರುತ್ತಾ ಹೋಗುತ್ತದೆ.

ಆದರೂ ಮೀನು ಯಾಕೆ ಸಾಯಲಿಲ್ಲ? ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಆಗಿ ಕೂತಿರುತ್ತದೆ. ಅದರ ವಿಷ ತೀರಾ ಕಡಿಮೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದಾಗ ನೂರು ಪಾಲಿನಲ್ಲಿ ಅರ್ಧ ಪಾಲಿಗಿಂತ (ಅಂದರೆ ಶೇಕಡಾ 0.5ಕ್ಕಿಂತ) ಚೂರು ಹೆಚ್ಚು ಮಾತ್ರ ವಿಷದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಐದು ಪಾಲು. 9 ಆದರೆ 36. ಈಗ ನಿಮ್ಮ ಭಾನುವಾರ ನೆನಪಿಸಿಕೊಳ್ಳಿ. ಪಿಎಚ್ 6ರ ಹಳೇ ನೀರಿನಲ್ಲಿ ಅರ್ಧ ತೆಗೆದು 8ರ ಬೋರ್‌ವೆಲ್ ನೀರು ಸುರಿದಿರಿ. ಅಮೋನಿಯಾ ಅರ್ಧಕ್ಕೆ ಇಳಿಯಿತು ನಿಜ. ಆದರೆ ಉಳಿದ ಅರ್ಧ ಮಲಗಿದ್ದ ಹಾವು ಎದ್ದಂತೆ ಎದ್ದಿತು.

ಇಂಥ ಟ್ಯಾಂಕನ್ನು ಸರಿಮಾಡಲು ಅವಸರ ಬೇಡ. ದಿನಕ್ಕೆ ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಬದಲಿಸಿ, ಎರಡು ವಾರ. ಊಟ ಕಡಿಮೆ ಮಾಡಿ. ಪಿಎಚ್ ನಿಧಾನಕ್ಕೆ ಏರಲಿ, ಬ್ಯಾಕ್ಟೀರಿಯಾ ಎಚ್ಚರಗೊಳ್ಳಲಿ.

ಮರಳನ್ನು ತಿಂಗಳುಗಟ್ಟಲೆ ಮುಟ್ಟದೆ ಒಮ್ಮೆಲೇ ಕೆದಕುವುದೂ ಬೇಡ. ಕೆಳಗೆ ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬರುವ ಅನಿಲ ಕೂತಿರುತ್ತದೆ. ಒಂದು ಸಲಕ್ಕೆ ಕಾಲು ಭಾಗ ಮಾತ್ರ.

ಕಲ್ಲು, ಗಿಡ, ಫಿಲ್ಟರ್ ಎಲ್ಲ ನಲ್ಲಿ ಕೆಳಗೆ ಚೆನ್ನಾಗಿ ತೊಳೆದೆ. ಅದೂ ತಪ್ಪಾ?

ಹೌದು. ಫಿಲ್ಟರ್ ಸ್ಪಂಜಿನ ಕಂದು ಲೋಳೆಯಲ್ಲೇ ಆ ಬ್ಯಾಕ್ಟೀರಿಯಾ ಇರುವುದು. ನಲ್ಲಿ ನೀರಿನ ಕ್ಲೋರಿನ್ ಅದನ್ನು ಕೊಲ್ಲುತ್ತದೆ. ನೀರು ಕನ್ನಡಿಯಂತೆ ಕಾಣುತ್ತದೆ, ಎರಡು ದಿನದಲ್ಲಿ ಅಮೋನಿಯಾ ಏರುತ್ತದೆ. ಮತ್ತೆ ಮೊದಲಿನಂತಾಗಲು ನಾಲ್ಕರಿಂದ ಆರು ವಾರವೂ ಹಿಡಿಯಬಹುದು. ನನ್ನ ಎರಡನೇ ಸಲದ ನಷ್ಟ ಇದೇ. ಅಮ್ಮ ಪಾತ್ರೆ ಉಜ್ಜಿದಷ್ಟು ಶ್ರದ್ಧೆಯಿಂದ ಸ್ಪಂಜ್ ಉಜ್ಜಿದ್ದೆ!

ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಎರಡು ಮೂರು ಸಲ ಹಿಂಡಿ. ಸಾಕು. ಕೊಳೆ ಸ್ವಲ್ಪ ಉಳಿಯಬೇಕು.

ನೀರು ಬದಲಿಸಿದ ಮೇಲೆ ಫಿಲ್ಟರ್ ಸ್ವಿಚ್ ಹಾಕಲು ಮರೆಯುವವರೂ ಬಹಳ. ಕೈ ಹಾಕುವ ಮುನ್ನ ಆರಿಸುವುದು ಸರಿ, ಕರೆಂಟಿನ ವಿಷಯ. ಮುಗಿದ ಮೇಲೆ ಹಾಕಿ.

ನೀರಿನ ಬಿಸಿ ಅಷ್ಟು ಮುಖ್ಯನಾ?

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಜಾವ 15 ಡಿಗ್ರಿ ಹತ್ತಿರ ಇಳಿಯುತ್ತದೆ. ತಾರಸಿ ಟ್ಯಾಂಕಿನ ನೀರು ಕೈಯನ್ನು ಕೊರೆಯುತ್ತದೆ. ಹೀಟರ್ ಇರುವ ನಿಮ್ಮ ಅಕ್ವೇರಿಯಂ 26 ಡಿಗ್ರಿಯಲ್ಲಿದೆ. ಬೆಳಿಗ್ಗೆ ಏಳಕ್ಕೆ ಎರಡು ಬಕೆಟ್ ಸುರಿದರೆ? ನನ್ನ ನಿಯಾನ್ ಟೆಟ್ರಾಗಳು ಒಂದು ಜನವರಿಯಲ್ಲಿ ಹೀಗೇ ಹೋದವು. ಬೇಸಿಗೆಯಲ್ಲಿ ಇದು ತಿರುಗುಮುರುಗು. ಏಪ್ರಿಲ್ ಮಧ್ಯಾಹ್ನ ಕಪ್ಪು ಟ್ಯಾಂಕಿನ ನೀರು ಸ್ನಾನಕ್ಕೆ ಆಗುವಷ್ಟು ಬಿಸಿ.

ಕೈ ಅದ್ದಿ ಅಂದಾಜು ಮಾಡಬೇಡಿ. ಥರ್ಮಾಮೀಟರ್ ಇಡಿ. ಎರಡು ನೀರಿನ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸ ಪರವಾಗಿಲ್ಲ. ಚಳಿಗಾಲದಲ್ಲಿ ಒಲೆಯ ಮೇಲೆ ಕಾಯಿಸಿದ ನೀರನ್ನು ಬಕೆಟ್‌ಗೆ ಬೆರೆಸಿ ಸರಿದೂಗಿಸಿ.

ಬಕೆಟ್ ಯಾವುದಾದರೂ ಆಗುತ್ತಾ?

ಇಲ್ಲ. ಮೀನಿಗೆಂದೇ ಒಂದು ಬಕೆಟ್, ಬೇರೆ ಬಣ್ಣದ್ದು. ಬಟ್ಟೆ ನೆನೆಸಿದ, ನೆಲ ಒರೆಸಿದ ಬಕೆಟ್ ಬೇಡವೇ ಬೇಡ. ಕೈಗೆ ಹಚ್ಚಿದ ಸ್ಯಾನಿಟೈಸರ್, ಕ್ರೀಮ್ ಕೂಡ ತೊಳೆದುಕೊಳ್ಳಿ.

ಕೆಲವು ಸತ್ತವು, ಕೆಲವಕ್ಕೆ ಏನೂ ಆಗಲಿಲ್ಲ. ಯಾಕೆ?

ಇದೂ ಒಂದು ಸುಳಿವು. ದೊಡ್ಡ ಮೀನುಗಳು ಮೊದಲು ಸತ್ತು ಮರಿಗಳು ಉಳಿದರೆ ಆಮ್ಲಜನಕದ ಕೊರತೆ ಇರಬಹುದು. ಮೀನು ಕೃಷಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಮರಿಗಳೇ ಮೊದಲು ಹೋದರೆ ವಿಷದ ಕಡೆ ನೋಡಿ. ಫೈಟರ್, ಗೌರಾಮಿ ಮಾತ್ರ ಬದುಕಿದ್ದರೆ ಆಶ್ಚರ್ಯವಿಲ್ಲ, ಅವು ಮೇಲೆ ಬಂದು ಗಾಳಿಯನ್ನೂ ಕುಡಿಯಬಲ್ಲವು.

ಅಂಗಡಿಯವರು ಕಲ್ಲುಪ್ಪು ಹಾಕಿ ಅಂದರು. ಹಾಕಲಾ?

ನೈಟ್ರೈಟ್ ಏರಿದ್ದರೆ ಉಪಯೋಗ ಇದೆ. ನೈಟ್ರೈಟ್ ರಕ್ತ ಸೇರಿದರೆ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಉಪ್ಪಿನ ಕ್ಲೋರೈಡ್ ಅದನ್ನು ಕಿವಿರಿನಲ್ಲೇ ತಡೆಯುತ್ತದೆ. ಲೀಟರಿಗೆ 1 ಗ್ರಾಂ ಸಾಕು, ಬೇರೆ ನೀರಿನಲ್ಲಿ ಕರಗಿಸಿ ನಿಧಾನವಾಗಿ ಹಾಕಿ. ಕ್ಲೋರಿನ್‌ಗೆ ಉಪ್ಪು ಮದ್ದಲ್ಲ. ಎಲ್ಲಕ್ಕೂ ಉಪ್ಪು ಎನ್ನುವವರ ಮಾತನ್ನು ಅಷ್ಟಾಗಿ ನಂಬಬೇಡಿ.

ಎಷ್ಟು ದಿನಕ್ಕೊಮ್ಮೆ, ಎಷ್ಟು ಬದಲಿಸಬೇಕು?

ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು. ಹಾಗೆ ಮಾಡಿದರೆ ಹಳೇ ನೀರಿಗೂ ಹೊಸ ನೀರಿಗೂ ಅಂತರವೇ ಬೆಳೆಯುವುದಿಲ್ಲ. ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯುವ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿ. ನಾನು ಇನ್ನೆರಡು ಕೆಲಸ ಮಾಡುತ್ತೇನೆ. ತೆಗೆದ ಹಳೇ ನೀರಿನಲ್ಲಿ ಒಂದು ಬಕೆಟ್ ಮರುದಿನದ ತನಕ ಚೆಲ್ಲುವುದಿಲ್ಲ, ಆಮೇಲೆ ತುಳಸಿಗೋ ಕರಿಬೇವಿಗೋ ಹಾಕುತ್ತೇನೆ. ಹೊಸ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಮುಚ್ಚಿಡುತ್ತೇನೆ. ಏನಾದರೂ ಆದರೆ ಪರೀಕ್ಷೆಗೆ ಬೇಕಲ್ಲ.

ಸತ್ತ ಮೇಲೆ ಹೊಸ ಮೀನು ಯಾವಾಗ ತರಬಹುದು? ಉಳಿದವನ್ನು ಕೆರೆಗೆ ಬಿಡಬಹುದಾ?

ಅಮೋನಿಯಾ, ನೈಟ್ರೈಟ್ ಎರಡೂ ಸತತ ಎರಡು ವಾರ ಸೊನ್ನೆ ತೋರಿಸಲಿ. ಆಮೇಲೆ ಎರಡೇ ಎರಡು ಮೀನು ತನ್ನಿ. ಮಕ್ಕಳು ಅಳುತ್ತಾರೆ ಎಂದು ಅದೇ ಸಂಜೆ ಅಂಗಡಿಗೆ ಓಡಿದರೆ ಮತ್ತೆ ಅಳಿಸಬೇಕಾಗುತ್ತದೆ. ಸತ್ತ ಮೀನನ್ನು ಗಿಡದ ಬುಡದಲ್ಲಿ ಹೂಳಿ. ಬದುಕಿದ್ದನ್ನು ಕೆರೆಗೆ ಮಾತ್ರ ಬಿಡಬೇಡಿ. ಗಾಜು ನೆಕ್ಕಲಿ ಎಂದು ತಂದ ಸಕ್ಕರ್ ಮೀನು ಹಾಗೆ ಬಿಟ್ಟದ್ದರಿಂದಲೇ ದೇಶದ ಎಷ್ಟೋ ಕೆರೆಗಳಲ್ಲಿ ಹಬ್ಬಿ, ಬಲೆ ಹರಿಯುತ್ತಾ ಕೂತಿದೆ. ಸಾಕಲು ಆಗದಿದ್ದರೆ ಅಂಗಡಿಗೇ ವಾಪಸ್ ಕೊಡಿ, ಹೆಚ್ಚಿನವರು ತೆಗೆದುಕೊಳ್ಳುತ್ತಾರೆ.